ಕಾರಿನ ಅಭ್ಯಂಜನ

ನಮ್ಮವರಿಗೆ ಕಾರು ತೊಳೆಯುವುದೆಂದರೆ ಸಂಧ್ಯಾವಂದನೆಯಿದ್ದಂತೆ. ಬೆಳಿಗ್ಗೆ ಆರಕ್ಕೆ ಪೈಪು, ಹಳೆಯ ಬನಿಯನ್ನು ಹಿಡಿದು ಹೊರಟರೆಂದರೆ ಕಾಫಿ ಆರಿ ತಣ್ಣಗಾದರೂ ಒಳಗೆ ಬರುವವರಲ್ಲ. ಹತ್ತು ವರ್ಷದ ಕಾರಿನ ಬಾಗಿಲಲ್ಲಿ ನಾನು ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳಬಹುದು, ಅಷ್ಟು ಹೊಳಪು. ತಾವು ಉಂಡ ತಟ್ಟೆ ಎತ್ತಿಡುವಾಗ ಮಾತ್ರ ಸೊಂಟನೋವು. ಇರಲಿ.

ಕಳೆದ ಮಳೆಗಾಲದ ಮಾತು. ಸಾಗರದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ನಮ್ಮೊಂದಿಗಿರುವ ಅಮ್ಮ ಇಕ್ಕೇರಿ ದೇವಸ್ಥಾನಕ್ಕೆ ಕರೆದರೂ ಬೇಡ, ಶಿರಸಿಯ ತಂಗಿಯ ಮನೆಗೆ ಕರೆದರೂ ಬೇಡ ಎನ್ನತೊಡಗಿದಳು. "ವಯಸ್ಸಾಯಿತಲ್ಲೇ, ಮನೆಯೇ ಹಿತ." ನಾವೂ ನಂಬಿದೆವು. ನಿಜ ಹೇಳಬೇಕೆಂದರೆ, ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸುವುದು ತಪ್ಪಿತೆಂದು ನನಗೆ ಒಳಗೊಳಗೇ ಹಾಯೆನಿಸಿತ್ತು.

ದಸರೆಗೆ ಬೆಂಗಳೂರಿನಿಂದ ಬಂದ ಮಗ ಕಾರಿನ ಬಾಗಿಲು ತೆಗೆದವನೇ ಮೂಗು ಮುಚ್ಚಿಕೊಂಡ. "ಇದನ್ನು ಡೀಟೇಲಿಂಗ್‌ಗೆ ಕೊಡಬೇಕಮ್ಮಾ." ಜನ್ಮವೆಲ್ಲ ಪ್ರಶ್ನೆಪತ್ರಿಕೆಯಲ್ಲಿ 'ವಿವರಿಸಿ' ಎಂದು ಬರೆದವಳಿಗೆ ಕಾರನ್ನೂ ವಿವರಿಸಬಹುದೆಂದು ತಿಳಿದಿರಲಿಲ್ಲ. ನಮ್ಮವರಿಗೆ ಅವಮಾನವಾಯಿತು. ದಿನಾ ತೊಳೆಯುವ ಕಾರನ್ನು ದುಡ್ಡು ಕೊಟ್ಟು ತೊಳೆಸುವುದೇ? "ದಿನಾ ಪೈಪು ಬಿಡುತ್ತೀರಲ್ಲಪ್ಪಾ, 2024ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನಲ್ಲಾಗಿದ್ದರೆ ಕುಡಿಯುವ ನೀರಲ್ಲಿ ಕಾರು ತೊಳೆದದ್ದಕ್ಕೆ 5,000 ರೂಪಾಯಿ ದಂಡ ಬೀಳುತ್ತಿತ್ತು" ಎಂದು ಮಗ ಇನ್ನಷ್ಟು ಉಪ್ಪು ಸವರಿದ.

ಅಂತೂ ಶಿವಮೊಗ್ಗಕ್ಕೆ ಒಯ್ದದ್ದಾಯಿತು. ಹುಡುಗ ಮುಂದಿನ ಎಡಸೀಟಿನ ಮ್ಯಾಟ್ ಎತ್ತಿದ. ಅಡಿಯ ಕಾರ್ಪೆಟ್ಟು ಒದ್ದೆ ಮುದ್ದೆ, ಮೇಲೆ ಬಿಳಿಯ ಬೂಷ್ಟು, ತಗಡಿಗೆ ತುಕ್ಕು. ಮಳೆಯಲ್ಲಿ ಗಾಜಿನ ಮಂಜು ಹೋಗಲೆಂದು ಏಸಿ ಹಾಕುತ್ತೇವಲ್ಲ, ಅದರ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ಒಳಗೇ ಸೋರುತ್ತಿತ್ತಂತೆ. ಜೊತೆಗೆ ನಾನು ದಿನವೂ ಕಾಲಬುಡದಲ್ಲಿ ಮಲಗಿಸುತ್ತಿದ್ದ ಒದ್ದೆ ಕೊಡೆ! ಗಾಳಿ ಸೋಸುವ ಫಿಲ್ಟರ್ ಹಕ್ಕಿಗೂಡಿನಂತಿತ್ತು. ಹೊರಗಿನ ಹೊಳಪನ್ನು ಬೆಳಕಿಗೆ ಹಿಡಿದು ತೋರಿಸಿದ. ಬನಿಯನ್ನಿನಲ್ಲಿ ಸಿಕ್ಕಿಕೊಂಡ ಮಣ್ಣಿನ ಕಣ ಉಪ್ಪುಕಾಗದದಂತೆ ಗೀಚಿ ಜೇಡರಬಲೆಯಂಥ ಗೆರೆ ಎಬ್ಬಿಸಿತ್ತು. ನಮ್ಮವರು ಬಗ್ಗಿ ನೋಡಿದರು, ಮಾತಾಡಲಿಲ್ಲ. ಪಾಪ ಅನ್ನಿಸಿತು.

ಎಷ್ಟು ದಿನಕ್ಕೊಮ್ಮೆ ಹೀಗೆ ಮಾಡಿಸಬೇಕೆಂದು ನಾನೇ ಕೇಳಿದೆ. ಮಲೆನಾಡಿಗೆ ವರ್ಷಕ್ಕೆರಡು ಸಲ ಸಾಕಂತೆ. ಮಳೆಗೆ ಮುಂಚೆ ಹೊರಮೈಗೆ ಮೇಣ. ಮಳೆ ಮುಗಿದ ಮೇಲೆ ಒಳಗೂ ಅಡಿಗೂ ಪೂರ್ತಿ ಸ್ನಾನ. ಉಳಿದಂತೆ ವಾರಕ್ಕೊಮ್ಮೆ ಎರಡು ಬಕೆಟ್ ನೀರು, ಮೆತ್ತನೆಯ ಬಟ್ಟೆ. ಪಾತ್ರೆ ತೊಳೆಯುವ ಸೋಪು ಕೂಡದು, ಅದು ಮೇಣವನ್ನೇ ಕಿತ್ತುಬಿಡುತ್ತದೆ. ಹಕ್ಕಿಯ ಹಿಕ್ಕೆಯನ್ನು ಮಾತ್ರ ವಾರದವರೆಗೆ ಬಿಡದೆ ಅಂದೇ ಒರೆಸಬೇಕು, ಬಣ್ಣ ತಿನ್ನುತ್ತದೆ. ಕೇಳಿದರೆ ನಮ್ಮ ಎಣ್ಣೆನೀರಿನ ಲೆಕ್ಕವೇ.

ಕಾರು ಮನೆಗೆ ಬಂದ ದಿನ ಅಮ್ಮ ತಾನಾಗಿ ಹೋಗಿ ಒಳಗೆ ಕುಳಿತಳು. "ಈಗ ಆ ವಾಸನೆ ಇಲ್ಲ ಬಿಡು."

"ಯಾವಾಗಿನಿಂದ ಇತ್ತಮ್ಮಾ?"

"ಆಷಾಢದಿಂದ. ಕೂತರೆ ಎದೆ ಬಿಗಿದು ಕೆಮ್ಮು ಬರುತ್ತಿತ್ತು. ಅಳಿಯಂದಿರು ಅಷ್ಟು ಆಸ್ಥೆಯಿಂದ ತೊಳೆಯುತ್ತಾರೆ, ಹೇಗೆ ಹೇಳಲಿ?"

ಆ ಭಾನುವಾರ ಶಿರಸಿಗೆ ಹೊರಟೆವು. ಸಿದ್ದಾಪುರದ ಹತ್ತಿರ ಕಾರು ನಿಲ್ಲಿಸೆಂದಳು. ಮುಂದೆ ಮತ್ತೊಮ್ಮೆ. ನಮ್ಮವರೇ ಇಳಿದು ಬಾಗಿಲು ತೆಗೆದರು.