ಗಯಟೆ ವಾಂತಿ ಮಾಡಿಕೊಂಡ ಊರು

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಸೋದರಳಿಯನ ಫೋಟೋಗಳು ಮೊಬೈಲಿಗೆ ಬಂದು ಬಿದ್ದಿದ್ದವು. ಜರ್ಮನಿಯ ಟ್ಯೂಬಿಂಗನ್ ಸುತ್ತುತ್ತಿದ್ದಾನೆ. ಎಲ್ಲದರಲ್ಲೂ ಮುಂದೆ ಅವನ ಹಲ್ಲು. ಊರೇನಿದ್ದರೂ ಕಿವಿಯ ಆಚೆ ಈಚೆ. 1435ರಲ್ಲಿ ಕಟ್ಟಿದ ಪುರಭವನ, ಅದರ ನೆತ್ತಿಯ ಖಗೋಳ ಗಡಿಯಾರ ಎಲ್ಲವೂ ಅವನ ಕ್ರಾಪಿನೊಳಗೆ ಮಾಯ. ನಾನೂ ಒಮ್ಮೆ ಆ ಊರಲ್ಲಿ ಕಾಲು ಸೋಲುವಷ್ಟು ಅಲೆದವನಾದ್ದರಿಂದ ಮೈ ಉರಿಯಿತು.

ನೆಕ್ಕಾರ್ ನದಿ, ದಡದ ಬಣ್ಣದ ಮನೆಗಳು, ಗಳ ಊರಿ ನೂಕುವ ದೋಣಿ ಇವೆಲ್ಲ ಚಂದವೇ. ಕ್ಯಾಲೆಂಡರಿನಲ್ಲಿ ನೀವೂ ನೋಡಿರುತ್ತೀರಿ, ಬಿಡಿ. ಹಳೇ ಪೇಟೆಯ ಮನೆಗಳಲ್ಲಿ ಮರದ ತೊಲೆಗಳು ಗೋಡೆಯ ಹೊರಗೇ ಕಾಣುತ್ತವೆ. ಮೇಲಿನ ಅಂತಸ್ತುಗಳು ಚಾಡಿ ಹೇಳುವ ನೆರೆಹೊರೆಯವರಂತೆ ಬೀದಿಯ ಮೇಲೆ ಬಾಗಿರುತ್ತವೆ.

ನನ್ನ ಹುಚ್ಚು ಮಾತ್ರ ಗೋಡೆಯ ಫಲಕಗಳದ್ದು. 1797ರಲ್ಲಿ ಗಯಟೆ ಕೆಲವು ದಿನ ಪ್ರಕಾಶಕ ಕೋಟಾ ಅವರ ಮನೆಯಲ್ಲಿ ತಂಗಿದ್ದ. ‘ಇಲ್ಲಿ ಗಯಟೆ ವಾಸವಾಗಿದ್ದ’ ಎಂದು ಅಲ್ಲೊಂದು ಫಲಕ. ಪಕ್ಕದ ಕಟ್ಟಡದಲ್ಲಿ ಯಾರೋ ತುಂಟರು ಇನ್ನೊಂದು ತಗುಲಿಸಿದ್ದಾರೆ: ‘ಇಲ್ಲಿ ಗಯಟೆ ವಾಂತಿ ಮಾಡಿಕೊಂಡ.’ ಊರು ಅದನ್ನು ಕಿತ್ತೆಸೆಯದೆ ಉಳಿಸಿಕೊಂಡಿದೆ. ನಮ್ಮಲ್ಲಾದರೆ ಸಂಜೆಯೊಳಗೆ ಅಂಗಡಿಗಳು ಮುಚ್ಚಿರುತ್ತಿದ್ದವು. ಮಹಾಕವಿಗೂ ಹೊಟ್ಟೆ ಕೆಡುತ್ತದೆಂದು ಒಪ್ಪುವ ಊರಿನ ಮೇಲೆ ನನಗೆ ಪ್ರೀತಿ ಜಾಸ್ತಿ.

ಆದರೆ ಫಲಕ ಬರೆಸುವ ಅಧಿಕಾರ ನನಗಿದ್ದಿದ್ದರೆ ಮೊದಲನೆಯದು ಬಡಗಿಯೊಬ್ಬನಿಗೆ. ನದಿಗೆ ತಾಗಿದ ಹಳದಿ ಗೋಪುರವನ್ನು ಎಲ್ಲರೂ ಹೋಲ್ಡರ್ಲಿನ್ ಗೋಪುರ ಎನ್ನುತ್ತಾರೆ. ಅದು ಬಡಗಿ ಎರ್ನ್ಸ್ಟ್ ಝಿಮರನ ಮನೆ. ಮನಸ್ಸಿನ ಹದ ತಪ್ಪಿದ ಕವಿ ಹೋಲ್ಡರ್ಲಿನ್‌ನನ್ನು ಆತ 1807ರಲ್ಲಿ ಕರೆತಂದ. ಕಾರಣ, ಕವಿಯ ‘ಹೈಪೀರಿಯನ್’ ಕಾದಂಬರಿ ಮೆಚ್ಚಿದ್ದ, ಅಷ್ಟೇ. ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದಿದ್ದರು ವೈದ್ಯರು. ಕವಿ ಬದುಕಿದ್ದು 36 ವರ್ಷ! ಬಡಗಿಯೇ ಮೊದಲು ಸತ್ತ. ಆಮೇಲೆ ಮಗಳು ಲೊಟ್ಟೆ ನೋಡಿಕೊಂಡಳು. ಕಾದಂಬರಿ ಓದುವ ಮುನ್ನ ಮನೆಯವರನ್ನೊಂದು ಮಾತು ಕೇಳುವುದು ಒಳ್ಳೆಯದು. ಅಂದಹಾಗೆ ಆ ಗೋಪುರ 1875ರಲ್ಲಿ ಸುಟ್ಟುಹೋಗಿ, ಈಗಿರುವುದು ಆಮೇಲೆ ಕಟ್ಟಿದ್ದು. ಜನ ಅದರ ಮುಂದೆ ನಿಂತು ನಿಟ್ಟುಸಿರು ಬಿಡುವುದಕ್ಕೇನೂ ಇದರಿಂದ ಅಡ್ಡಿಯಾಗಿಲ್ಲ.

ಎರಡನೆಯ ಫಲಕ ನಮ್ಮ ಕಿಟೆಲ್ಲರಿಗೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಟ್ಯೂಬಿಂಗನ್ ವಿಶ್ವವಿದ್ಯಾಲಯ. ಪದವೊಂದಕ್ಕೆ ಅರ್ಥ ಸಿಗದಾಗ ನಾವು ಈಗಲೂ ಹೋಗಿ ತಟ್ಟುವುದು ಆ ಜರ್ಮನ್ ಪಾದ್ರಿಯ ಬಾಗಿಲನ್ನೇ. ಅವರು ತೀರಿಕೊಂಡದ್ದು ಈ ಊರಿನಲ್ಲೇ, 1903ರ ಡಿಸೆಂಬರಿನಲ್ಲಿ. ಅವರ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂದದ್ದೂ ಅದೇ ವರ್ಷ.