ಹರಿದ್ರೆಯ ಅಣೆಗೆ ಬಂದ ದಾರಿ

ಹರಿಹರಕ್ಕೆ ಹೊರಡುವ ಹಿಂದಿನ ರಾತ್ರಿ ದಾವಣಗೆರೆಯಲ್ಲಿ ಅಕ್ಕನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಹರಿಹರೇಶ್ವರ ಗುಡಿಯಿಂದ ಶುರುವಾದ ಓದು ಹೊಯ್ಸಳರ ಕಡೆ ಹೊರಳಿ, ಅಲ್ಲಿಂದ ಶಾಸನಗಳಿಗೆ ಹೋಗಿ, ಕೊನೆಗೆ ಹರಿದ್ರಾ ನದಿಯ ಅಣೆಯೊಂದರ ಮುಂದೆ ನಿಂತಿತು. ವಿಜಯನಗರದ ಕಾಲದ ಅಣೆ. 1410ರಲ್ಲಿ ಕಟ್ಟಿದ್ದು, ಒಡೆದುಹೋಗಿ 1424ರಲ್ಲಿ ಮತ್ತೆ ಕಟ್ಟಿಸಿದ್ದು. ಎರಡಕ್ಕೂ ಶಾಸನವಿದೆ. ಈ ಪುಟಕ್ಕೆ ಎಲ್ಲಿಂದ ಬಂದೆ ಎಂದು ಹುಡುಕಲು ಎಡಗಡೆಯ ಬಾಣ ಒತ್ತಿದರೆ ಅದು ಮಂಕಾಗಿತ್ತು. ತೆರೆದಿದ್ದು ಎರಡು ವಿಂಡೋ, ಟ್ಯಾಬ್‌ಗಳಿಗೆ ಲೆಕ್ಕವಿಲ್ಲ. ಗಾಬರಿಯಲ್ಲಿ ಒಂದು ವಿಂಡೋವನ್ನೇ ಮುಚ್ಚಿಬಿಟ್ಟೆ.

“ಏನೂ ಹೋಗಿಲ್ಲ, ಇರು ಮಾಮ” ಎಂದಳು ಎಂಜಿನಿಯರಿಂಗ್ ಓದುವ ಅಕ್ಕನ ಮಗಳು. ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದಳು. ಮುಚ್ಚಿದ್ದ ವಿಂಡೋ ತನ್ನ ಟ್ಯಾಬ್‌ಗಳ ಸಮೇತ ಎದ್ದು ಬಂತು. ಮೊದಲ ಟ್ಯಾಬಿನ ಬಾಣವನ್ನು ಒತ್ತಿ ಹಿಡಿದಾಗ ನಾನು ದಾಟಿ ಬಂದ ಪುಟಗಳ ಹೆಸರು ಒಂದರ ಕೆಳಗೊಂದು ಇಳಿದವು. ಮುಚ್ಚಿ ತೆರೆದರೂ ಆ ಟ್ಯಾಬು ನಡೆದ ದಾರಿ ಅದರ ಜೊತೆಗೇ ಇತ್ತು!

“ಬಾಣ ಆಯಾ ಟ್ಯಾಬಿಂದು ಮಾತ್ರ. ಅಣೆ ಪುಟಾನ ನೀನು ಹೊಸ ಟ್ಯಾಬಲ್ಲಿ ತೆಗ್ದಿದೀಯ. ಅದರ ಪಾಲಿಗೆ ಅದೇ ಮೊದಲ ಪುಟ, ಹಿಂದಕ್ಕೆ ಹೋಗೋಕೆ ಏನೂ ಇಲ್ಲ.”

ಆಮೇಲೆ ಕ್ರೋಮ್‌ನ ಹಿಸ್ಟರಿ ಕಡತದ ನಕಲು ತೆಗೆದು, ಅದರ ಹೊಟ್ಟೆಯನ್ನೇ ಬಿಚ್ಚಿ ತೋರಿಸಿದಳು. ನೋಡುತ್ತಿದ್ದಂತೆ ಅಜ್ಜ ನೆನಪಾದರು. ಈ ಊರಿನ ದಲಾಲಿ ಅಂಗಡಿಯೊಂದರಲ್ಲಿ ಅವರು ಲೆಕ್ಕ ಬರೆಯುತ್ತಿದ್ದರು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ, ಆಮೇಲೆ ಒಬ್ಬೊಬ್ಬರ ಹೆಸರಿನಲ್ಲಿ ಖತಾವಣಿಗೆ. ಇಲ್ಲೂ ಹಾಗೆಯೇ ಎರಡು ಪಟ್ಟಿ. ಒಂದರಲ್ಲಿ ಪ್ರತಿ ವಿಳಾಸಕ್ಕೆ ಒಂದೇ ಸಾಲು, ಪಕ್ಕದಲ್ಲಿ ಎಷ್ಟು ಸಲ ಹೋದೆವೆಂಬ ಲೆಕ್ಕ. ಇನ್ನೊಂದರಲ್ಲಿ ಒಂದೊಂದು ಭೇಟಿಗೂ ಒಂದೊಂದು ಸಾಲು, ಹೊತ್ತಿನ ಸಮೇತ. ಯಾವ ವಿಂಡೋ, ಯಾವ ಟ್ಯಾಬ್ ಎಂಬ ಭೇದವಿಲ್ಲದೆ ಎಲ್ಲವೂ ಬಂದು ಸೇರುವುದು ಇಲ್ಲಿಗೇ; ಅಜ್ಞಾತ ವಿಂಡೋದ ಓಡಾಟ ಮಾತ್ರ ಇಲ್ಲಿ ಏರುವುದಿಲ್ಲ. ಸಾಲಿನ ಒಂದು ಅಂಕಣದ ಮೇಲೆ ಅವಳು ಬೆರಳಿಟ್ಟಳು. ಹೊಸ ಟ್ಯಾಬ್ ಯಾವ ಭೇಟಿಯಿಂದ ಹುಟ್ಟಿತೋ ಆ ಭೇಟಿಯ ಸಂಖ್ಯೆ ಅಲ್ಲಿತ್ತು. ಬಾಣ ಮರೆತ ದಾರಿಯನ್ನು ಕಿರ್ದಿ ಬರೆದಿಟ್ಟುಕೊಂಡಿತ್ತು.

ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಸ್ಸು ಹತ್ತಿದೆವು. ಹದಿನಾಲ್ಕು ಕಿಲೋಮೀಟರ್, ಮಾತು ಮುಗಿಯುವಷ್ಟರಲ್ಲಿ ಹರಿಹರ.

1223-24ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇದು. ಕಡೆದು ನುಣುಪಾದ ಕಂಬಗಳ ನಡುವೆ ಹಾದು ಗರ್ಭಗುಡಿಯ ಮುಂದೆ ನಿಂತರೆ ಒಂದೇ ಮೂರ್ತಿ, ಬಲಭಾಗ ಹರ, ಎಡಭಾಗ ಹರಿ. ನನಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಹೊರಗೆ ಶಾಸನದ ಕಲ್ಲುಗಳು. ಒಂದರ ಅಕ್ಷರದ ಮೇಲೆ ಬೆರಳಾಡಿಸಿದೆ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು, ಅಕ್ಷರದ ತಗ್ಗಿನಲ್ಲಿ ಮಾತ್ರ ಇನ್ನೂ ತಂಪು.

“ಕ್ರೋಮ್ ತೊಂಬತ್ತು ದಿನಕ್ಕೆ ಹಳೇದನ್ನ ಅಳಿಸುತ್ತೆ ಮಾಮ” ಎಂದಳು ಹುಡುಗಿ, ಅದೇ ಕಲ್ಲನ್ನು ನೋಡುತ್ತ.

ನದಿಗೆ ನಡೆದೆವು. ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆ ಇಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಊರಿನ ಹಳೆಯ ಹೆಸರೇ ಕೂಡಲೂರು. ದಂಡೆಯಲ್ಲಿ ಅವಳು ಇನ್ನೊಂದು ಸಂಗತಿ ಹೇಳಿದಳು. ಬಾಣ ಒತ್ತುತ್ತ ನಾಲ್ಕು ಪುಟ ಹಿಂದೆ ಹೋಗಿ ಅಲ್ಲಿಂದ ಬೇರೆ ಕೊಂಡಿ ತೆರೆದರೆ, ಮೊದಲು ಮುಂದೆ ಹೋಗಿದ್ದ ದಾರಿ ಆ ಟ್ಯಾಬಿನಿಂದ ಅಳಿಸಿಹೋಗುತ್ತದೆ. ಹಿಸ್ಟರಿಯಲ್ಲಿ ಮಾತ್ರ ಎರಡೂ ದಾರಿಗಳು ಉಳಿಯುತ್ತವೆ. ಕವಲೊಡೆದ ನೀರು ಮತ್ತೆ ಒಂದೇ ಹೊಳೆಗೆ ಬೀಳುವುದನ್ನು ಕಣ್ಣೆದುರೇ ಕಂಡಂತಾಯಿತು. ಎಷ್ಟು ಹೊತ್ತು ನಿಂತಿದ್ದೆನೋ!

ರಾತ್ರಿ ದಾವಣಗೆರೆಗೆ ಮರಳಿ ಅಣೆಯ ಪುಟವನ್ನು ಮತ್ತೊಮ್ಮೆ ತೆರೆದೆ. ಅವಳು ಹೊಸ ನಕಲು ತೆಗೆದು ತೋರಿಸಿದಳು. ವಿಳಾಸದ ಸಾಲು ಒಂದೇ. ಅದರ ಹೆಸರಿನಲ್ಲಿ ಭೇಟಿ ಎರಡು, ಒಂದು ನಿನ್ನೆಯದು, ಒಂದು ಇವತ್ತಿನದು.