ಬೆಂದ ಮೊಟ್ಟೆಯ ಚಿಪ್ಪು

ಹೊಸತಾದುದೆಲ್ಲವೂ ಮೇಲೆಂದು ಲೋಕವು ನಂಬಿರುವುದು. ಹಾಲು, ಹೂವು, ಸೊಪ್ಪುಗಳ ವಿಷಯದಲ್ಲಿ ಈ ನಂಬಿಕೆ ಸುಳ್ಳಲ್ಲ. ಆದರೆ ಬೇಯಿಸಿ ಸುಲಿಯಬೇಕಾದ ಕೋಳಿಮೊಟ್ಟೆಯ ಬಳಿಗೆ ಬಂದಾಗ ಅದು ಮುಗ್ಗರಿಸುವುದು. ಆಗತಾನೆ ಗೂಡಿನಿಂದ ತಂದ ಮೊಟ್ಟೆಯನ್ನು ಬೇಯಿಸಿ ಸುಲಿಯಹೊರಟವಳಿಗೆ ಚಿಪ್ಪಿನ ಚೂರಿನೊಡನೆ ಬಿಳಿಯ ಭಾಗವೂ ಕಿತ್ತುಬರುವುದು. ತಟ್ಟೆಗೆ ಸೇರುವುದು ಇಲಿ ಕಚ್ಚಿದ ಬೆಣ್ಣೆಯುಂಡೆಯಂತಹ ಒಂದು ಮುದ್ದೆ. ಅವಳ ಕೈಗೆ ಹದವಿಲ್ಲವೆಂದು ಮನೆಯವರು ನಗುವರು. ದೋಷವಿರುವುದಾದರೋ ಮೊಟ್ಟೆಯ ಎಳೆತನದಲ್ಲಿ.

ಚಿಪ್ಪು ಗಟ್ಟಿಗೋಡೆಯಂತೆ ಕಂಡರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳುಂಟು. ಕೋಳಿ ಮೊಟ್ಟೆಯಿಟ್ಟ ಹೊತ್ತಿನಲ್ಲಿ ಬಿಳಿಯ ಲೋಳೆಯೊಳಗೆ ಇಂಗಾಲಾಮ್ಲ ವಾಯು ಕರಗಿರುವುದು. ದಿನ ಕಳೆದಂತೆ ಅದು ರಂಧ್ರಗಳಿಂದ ಮೆಲ್ಲನೆ ಹೊರಬೀಳಲು, ಲೋಳೆಯ ಕ್ಷಾರಗುಣ ಹೆಚ್ಚುವುದು. ರಸಾಯನಶಾಸ್ತ್ರದ ಪಿಎಚ್ ಅಳತೆಯಲ್ಲಿ ಸುಮಾರು 7.6ರಷ್ಟಿದ್ದುದು 9ನ್ನು ದಾಟುವುದು. ಕ್ಷಾರವು ಕಡಿಮೆಯಿದ್ದಾಗ ಬೇಯುವ ಬಿಳಿಯು ಚಿಪ್ಪಿನ ಒಳಪೊರೆಯನ್ನು ಬಿಗಿಯಾಗಿ ಅಪ್ಪುವುದು; ಹೆಚ್ಚಿದಾಗ ಹಿಡಿತವು ಸಡಿಲುವುದು. ಜೊತೆಗೆ ನೀರಿನಂಶವೂ ಆರಿ, ದಪ್ಪ ತುದಿಯಲ್ಲಿರುವ ಗಾಳಿಯ ಗೂಡು ಹಿಗ್ಗುವುದು. ಆದುದರಿಂದ ಸುಲಿಯುವುದಕ್ಕೆ 7ರಿಂದ 10 ದಿನ ತಂಪಿನಲ್ಲಿಟ್ಟ ಮೊಟ್ಟೆಯೇ ಲೇಸು.

ಕಾಯಲು ಬಿಡುವಿಲ್ಲದವರಿಗೂ ದಾರಿಯುಂಟು. ತಣ್ಣೀರಿನಲ್ಲಿಟ್ಟು ಮೆಲ್ಲಮೆಲ್ಲನೆ ಕಾಯಿಸದೆ, ಕುದಿಯುವ ನೀರಿಗೇ ಸೌಟಿನಿಂದ ಮೊಟ್ಟೆಯನ್ನಿಳಿಸಬೇಕು. ಅಥವಾ ಇಡ್ಲಿಯ ಪಾತ್ರೆಯ ಹಬೆಯಲ್ಲಿಡಬೇಕು. ಥಟ್ಟನೆ ತಗುಲಿದ ಬಿಸಿಗೆ ಬಿಳಿಯ ಹೊರಪದರವು ಪೊರೆಯನ್ನು ಹಿಡಿಯುವ ಮುನ್ನವೇ ಗಟ್ಟಿಯಾಗುವುದು. ಸುಮಾರು 12 ನಿಮಿಷದ ಬಳಿಕ ತೆಗೆದು ತಣ್ಣೀರಿನಲ್ಲಿ ಮುಳುಗಿಸಿದರೆ ಬೇಯುವುದು ಅಲ್ಲಿಗೇ ನಿಲ್ಲುವುದು. ಹಳದಿಯ ಸುತ್ತ ಹಸಿರುಗಪ್ಪು ಬಳೆ ಮೂಡದು. ಆಮೇಲೆ ಸುತ್ತಲೂ ಹಗುರವಾಗಿ ತಟ್ಟಿ ಬಿರುಕೆಬ್ಬಿಸಿ, ನೀರಿನೊಳಗೆ ಹಿಡಿದು, ಗಾಳಿಯ ಗೂಡಿರುವ ದಪ್ಪ ತುದಿಯಿಂದ ಸುಲಿಯತೊಡಗಬೇಕು. ಬೆರಳು ಪೊರೆಯ ಅಡಿಗೆ ಹೊಕ್ಕರೆ ಸಾಕು, ಉಳಿದುದು ಅಂಗಿ ಕಳಚಿದಂತೆ ಜಾರುವುದು.

ಅಲ್ಪ ವಿಷಯಕ್ಕೆ ಇಷ್ಟು ಮಾತೇಕೆಂದು ವಾಚಕರು ಕೇಳಬಹುದು. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಬೇಯಿಸಿದ ಮೊಟ್ಟೆ ಕೊಡುವುದು ಮೊದಲಾಯಿತು; 2024ರಲ್ಲಿ ನಾಡಿನ ಸರಕಾರಿ ಶಾಲೆಗಳಲ್ಲಿ ಅದು ವಾರಕ್ಕೆ ಆರು ದಿನದ ಪದ್ಧತಿಯಾಯಿತು. ಆಗ ಒಂದು ಮೊಟ್ಟೆಗೆ ಗೊತ್ತುಮಾಡಿದ್ದ 6 ರೂಪಾಯಿಗಳಲ್ಲಿ ಸುಲಿಯುವ ಕೂಲಿ 30 ಪೈಸೆ. ಊಟದ ಗಂಟೆ ಬಾರಿಸುವುದರೊಳಗೆ ಅಡಿಗೆಯ ಹೆಂಗಸರು ನೂರಾರು ಮೊಟ್ಟೆಗಳ ಚಿಪ್ಪು ಬಿಡಿಸಬೇಕಾಗುವುದು. ಮೊಟ್ಟೆಯ ಸಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಿಳಿಯಲ್ಲಿ. ಚಿಪ್ಪಿಗಂಟಿ ತಿಪ್ಪೆಗೆ ಹೋದ ಪ್ರತಿಯೊಂದು ತುಣುಕೂ ಒಂದು ಮಗುವಿನ ಪಾಲಿನಿಂದ ಕಳೆದುದು; ತಡವಾದ ಪ್ರತಿಯೊಂದು ನಿಮಿಷವೂ ಆ ಹೆಂಗಸರ ಬೆರಳುಗಳಿಂದ ಕಳೆದುದು. ನೀರು ಕುದಿಯುವವರೆಗೆ ಮೊಟ್ಟೆಯನ್ನು ಕೈಯಲ್ಲೇ ಹಿಡಿದಿರುವಷ್ಟು ತಾಳ್ಮೆಯಿದ್ದರೆ ಎರಡೂ ಉಳಿಯುವುವು.